ಮೊದಲು ಆಸ್ಪತ್ರೆ, ಆಮೇಲೆ ಪಾಲಿಸಿ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ನಿವೃತ್ತರು ಎಂದರೆ ಎರಡು ಬಗೆಯ ಜನ. ಶಾಲೆಯ ಮೇಷ್ಟ್ರು, ಅಂಚೆ ಕಚೇರಿಯವರು, ಬ್ಯಾಂಕಿನವರು, ಶರಾವತಿ ವಿದ್ಯುತ್ ಯೋಜನೆಯಲ್ಲಿ ದುಡಿದ ಕೆಪಿಸಿಯವರು ಒಂದು ಬಗೆ. ಇವರಿಗೆ ನಿವೃತ್ತಿಯ ತಾರೀಖು ಗೊತ್ತಿರುತ್ತದೆ. ಅಡಿಕೆ ತೋಟ, ಭತ್ತದ ಗದ್ದೆ ನಂಬಿಕೊಂಡವರು ಇನ್ನೊಂದು ಬಗೆ. ಇವರಿಗೆ ನಿವೃತ್ತಿಯ ಆದೇಶವನ್ನು ಯಾರೂ ಕೊಡುವುದಿಲ್ಲ. ಮಂಡಿ ಹಿಡಿದುಕೊಂಡು ತೋಟದ ಇಳಿಜಾರು ಇಳಿಯಲಾಗದ ದಿನ ತಾವೇ ಅರ್ಥ ಮಾಡಿಕೊಳ್ಳಬೇಕು. ಎರಡೂ ಬಗೆಯ ಮನೆಗಳಲ್ಲಿ ಮಕ್ಕಳು ಬಹುಪಾಲು ಬೆಂಗಳೂರಿನಲ್ಲಿ ಇದ್ದಾರೆ. ಊರಿನ ಮನೆಯಲ್ಲಿ ಉಳಿದವರು ಅರವತ್ತು ದಾಟಿದ ಇಬ್ಬರು, ಕೆಲವು ಕಡೆ ಒಬ್ಬರೇ.

ಈ ಮನೆಗಳಿಂದ ಬರುವ ಪ್ರಶ್ನೆ ಒಂದೇ. “ಆರೋಗ್ಯ ವಿಮೆ ಮಾಡಿಸಬೇಕು ಮಾರಾಯ್ರೆ, ಯಾವ ಕಂಪನಿ ಒಳ್ಳೆಯದು?” ಪ್ರಶ್ನೆ ಸಹಜವೇ. ಆದರೆ ಮಲೆನಾಡಿನವರು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ರಾತ್ರಿ ಹನ್ನೊಂದು ಗಂಟೆಗೆ ಎದೆನೋವು ಬಂದರೆ ನಾವು ಹೋಗುವುದು ಯಾವ ಆಸ್ಪತ್ರೆಗೆ? ಯಾವ ದಾರಿಯಲ್ಲಿ? ಜೊತೆಗೆ ಯಾರು? ಇದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಪಾಲಿಸಿಯ ಮಾತು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ನಮ್ಮ ದಾರಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಸಾಗರದಲ್ಲಿ ಉಪವಿಭಾಗೀಯ ಆಸ್ಪತ್ರೆ ಇದೆ, ತೀರ್ಥಹಳ್ಳಿಯಲ್ಲಿ ನಾವೆಲ್ಲ ಜೆ.ಸಿ. ಆಸ್ಪತ್ರೆ ಎನ್ನುವ ಸರ್ಕಾರಿ ಆಸ್ಪತ್ರೆ ಇದೆ, ಹೊಸನಗರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಜ್ವರ, ಹೆರಿಗೆ, ಸಣ್ಣ ಶಸ್ತ್ರಚಿಕಿತ್ಸೆಗೆ ಇವು ಆಸರೆ. ಹೃದಯ, ಮೆದುಳು, ಕ್ಯಾನ್ಸರ್, ಮೂತ್ರಪಿಂಡ ಎಂದಾಗ ಮುಂದಕ್ಕೆ ಹೋಗಲೇಬೇಕು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ಅಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. ಮಣಿಪಾಲ ಹಿಡಿಯುವವರು ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಘಾಟಿ ಇಳಿಯುತ್ತಾರೆ, ಹೊಸನಗರ ಕಡೆಯಿಂದ ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯುತ್ತಾರೆ. ಜುಲೈ ತಿಂಗಳ ಮಳೆಯಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಆ ದಾರಿ ಇಲ್ಲ ಎಂದೇ ಲೆಕ್ಕ.

ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಹಿನ್ನೀರು ತುಂಬಿದಂದಿನಿಂದ ಸುಮಾರು ಅರವತ್ತು ವರ್ಷ ಅವರು ಹಿನ್ನೀರು ದಾಟಲು ಲಾಂಚಿಗೆ ಕಾದರು. ಕತ್ತಲಾದ ಮೇಲೆ ಕಾಯಿಲೆಯವರನ್ನು ಸಾಗರಕ್ಕೆ ಮುಟ್ಟಿಸುವುದೇ ಒಂದು ಸಾಹಸವಾಗಿತ್ತು. 2025ರ ಜುಲೈ 14ರಂದು ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡೂವರೆ ಕಿಲೋಮೀಟರಿಗೆ ಹತ್ತಿರದ ಆ ಸೇತುವೆಯಿಂದ ಆಚೆ ದಡದ ತುಮರಿಯವರಿಗೆ ಸಾಗರವೂ ಹತ್ತಿರವಾಯಿತು, ಸಾಗರದವರಿಗೆ ಸಿಗಂದೂರು ಮೇಲೆ ಕೊಲ್ಲೂರಿನ ದಾರಿಯೂ ಹತ್ತಿರವಾಯಿತು. ಒಂದು ಸೇತುವೆಯಿಂದ ಆಸ್ಪತ್ರೆಯ ಆಯ್ಕೆಯೇ ಬದಲಾಗುತ್ತದೆ. ಐದು ವರ್ಷದ ಹಿಂದೆ ಮಾಡಿಸಿದ ಪಾಲಿಸಿಯನ್ನು ಇವತ್ತಿನ ದಾರಿಗೆ ಹೊಂದಿಸಿ ಮತ್ತೆ ನೋಡಬೇಕಾದದ್ದು ಇದೇ ಕಾರಣಕ್ಕೆ.

ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ. ತುರ್ತಿಗೆ ಹೋಗುವ ಆಸ್ಪತ್ರೆ ಒಂದು, ದೊಡ್ಡ ಕಾಯಿಲೆಗೆ ಹೋಗುವ ಆಸ್ಪತ್ರೆ ಒಂದು, ಮಕ್ಕಳ ಮನೆಯಲ್ಲಿದ್ದಾಗ ಹೋಗಬಹುದಾದ ಬೆಂಗಳೂರಿನ ಆಸ್ಪತ್ರೆ ಒಂದು, ಹೀಗೆ ಮೂರು ಹೆಸರು ಬರೆಯಿರಿ. ಯಾವುದೇ ಯೋಜನೆ, ಯಾವುದೇ ಪಾಲಿಸಿ ಬರಲಿ, ಈ ಮೂರು ಕಡೆ ಅದು ನಡೆಯುತ್ತದೆಯೇ ಎಂಬುದು ಮೊದಲ ಪರೀಕ್ಷೆ. ಏಜೆಂಟರು ತೋರಿಸುವ ಪಟ್ಟಿಯಲ್ಲಿ ದೇಶದ ಸಾವಿರಾರು ಆಸ್ಪತ್ರೆ ಇರಬಹುದು. ನಮಗೆ ಬೇಕಾದದ್ದು ಮೂರೇ. ಆಸ್ಪತ್ರೆಯ ವಿಮಾ ವಿಭಾಗಕ್ಕೇ ಒಂದು ಫೋನು ಮಾಡಿ, “ಈ ಕಂಪನಿಯ ಈ ಪಾಲಿಸಿಗೆ ನಿಮ್ಮಲ್ಲಿ ಕ್ಯಾಶ್‌ಲೆಸ್ ಇದೆಯೇ?” ಎಂದು, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುತ್ತದೆಯೇ ಎಂದು ಕೇಳಿ. ಆಸ್ಪತ್ರೆ ಮತ್ತು ಕಂಪನಿಗಳ ನಡುವಿನ ಒಪ್ಪಂದ ಆಗಾಗ ಬದಲಾಗುವುದರಿಂದ ಪ್ರತಿ ವರ್ಷ ನವೀಕರಣಕ್ಕೆ ಮುಂಚೆ ಈ ಫೋನು ಮಾಡಬೇಕು.

ಇನ್ನು ಯೋಜನೆಗಳಿಗೆ ಬರೋಣ. ಖಾಸಗಿ ಪಾಲಿಸಿಗೆ ಹಣ ಕಟ್ಟುವ ಮೊದಲು ಸರ್ಕಾರದಿಂದ, ಸಹಕಾರ ಸಂಘದಿಂದ ನಮಗೆ ಈಗಾಗಲೇ ಏನು ಸಿಗುತ್ತದೆ ಎಂದು ತಿಳಿದುಕೊಳ್ಳಬೇಕು.

ಮೊದಲನೆಯದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್, ರಾಜ್ಯದ ಆರೋಗ್ಯ ಕರ್ನಾಟಕ ಎರಡೂ ಒಂದಾದವು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕಾರ್ಡಿನವರಿಗೂ ಇದರಲ್ಲಿ ಪಾಲಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅವರಿಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಸಿಗುತ್ತದೆ. ನೆನಪಿಡಬೇಕಾದ ನಿಯಮ ರೆಫರಲ್. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಬರೆದುಕೊಟ್ಟ ಚೀಟಿಯೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗೆ ಮಾತ್ರ ವಿನಾಯಿತಿ. ಚೀಟಿ ಇಲ್ಲದೆ ನೇರವಾಗಿ ಹೋಗಿ ದಾಖಲಾಗಿ, ಆಮೇಲೆ ಕಾರ್ಡು ತೋರಿಸಿದರೆ ಕೆಲಸ ಕೆಡುತ್ತದೆ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಬಿಲ್ ಕೌಂಟರಿಗೆ ಹೋಗುವ ಮೊದಲು ಅವರನ್ನು ಹುಡುಕಿ.

ಎರಡನೆಯದು ಯಶಸ್ವಿನಿ. ಇದು ನಮ್ಮ ರಾಜ್ಯ ಹೆಮ್ಮೆಪಡಬೇಕಾದ ಯೋಜನೆ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಆಲೋಚನೆ, ಸಹಕಾರ ಇಲಾಖೆಯ ಜಾಲ ಎರಡೂ ಸೇರಿ 2003ರ ಜೂನ್ 1ರಿಂದ ಜಾರಿಗೆ ಬಂತು. ಆಗ ರೈತ ಕಟ್ಟಬೇಕಾಗಿದ್ದದ್ದು ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಸೊಸೈಟಿಯಲ್ಲಿ ಷೇರು ಇದ್ದ ಸಣ್ಣ ರೈತ ಸ್ವಾಭಿಮಾನ ಬಿಡದೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಸಾಧ್ಯವಾದದ್ದು ಆಗಲೇ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು, ರೈತರ ಒತ್ತಾಯದಿಂದ ಮತ್ತೆ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ಕೊಡಲು ತೊಡಗಿತು. ಮತ್ತೆ ಶುರುವಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದ ಸಂಘಗಳವರಿಗೆ 1,000 ರೂಪಾಯಿ ವಂತಿಗೆ ಗೊತ್ತು ಮಾಡಿದರು. ರಕ್ಷಣೆ ವರ್ಷಕ್ಕೆ 5 ಲಕ್ಷದವರೆಗೆ.

ಈ ಮೊತ್ತಕ್ಕೆ ಇಷ್ಟು ಕೊಡುವ ಪಾಲಿಸಿ ಯಾವ ಖಾಸಗಿ ಕಂಪನಿಯಲ್ಲೂ ಸಿಗುವುದಿಲ್ಲ. ಆದರೆ ಮೂರು ವಿಷಯ ನೋಡಿಕೊಳ್ಳಬೇಕು. ನೋಂದಣಿ ವರ್ಷವಿಡೀ ನಡೆಯುವುದಿಲ್ಲ, ಸರ್ಕಾರ ಹೇಳಿದ ತಿಂಗಳುಗಳಲ್ಲಿ ಮಾತ್ರ. ಚಿಕಿತ್ಸೆ ಪಟ್ಟಿಯಲ್ಲಿ ಇರುವುದಕ್ಕೆ ಮಾತ್ರ ಅನ್ವಯ, ಅದೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ. ಸಂಘದ ಸದಸ್ಯತ್ವ ಹೊಸದಾಗಿ ಮಾಡಿಸಿಕೊಂಡವರಿಗೆ ಇಂತಿಷ್ಟು ತಿಂಗಳು ಆಗಿರಬೇಕೆಂಬ ನಿಯಮವೂ ಇದೆ. ಪಿಂಚಣಿದಾರರು ತಮಗೆ ಅರ್ಹತೆ ಇದೆಯೇ ಎಂದು ಸೊಸೈಟಿಯ ಕಾರ್ಯದರ್ಶಿಯವರನ್ನು ಕೇಳಿಕೊಳ್ಳಬೇಕು. ಅಡಿಕೆ ತೂಕಕ್ಕೆ ಹೋದಾಗಲೋ ಬೆಳೆಸಾಲ ನವೀಕರಣಕ್ಕೆ ಹೋದಾಗಲೋ ಈ ಒಂದು ಮಾತು ಕೇಳುವುದನ್ನು ಮರೆಯಬೇಡಿ.

ಮೂರನೆಯದು ಎಪ್ಪತ್ತು ದಾಟಿದವರಿಗಾಗಿ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿದ ಆಯುಷ್ಮಾನ್ ವಯ ವಂದನಾ. ಆದಾಯ ನೋಡದೆ ವರ್ಷಕ್ಕೆ 5 ಲಕ್ಷದ ರಕ್ಷಣೆ, ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಆ ಮೊತ್ತ ಇಬ್ಬರಿಗೂ ಸೇರಿ. ಯೋಜನೆ ಕೇಂದ್ರದ್ದಾದರೂ ಜಾರಿಯಾಗುವುದು ರಾಜ್ಯಗಳ ಮೂಲಕ. ಆದ್ದರಿಂದ ಈ ಕಾರ್ಡನ್ನು ನೆಚ್ಚಿ ಇರುವ ಪಾಲಿಸಿ ನಿಲ್ಲಿಸುವ ಮೊದಲು, ನೀವು ಹಾಳೆಯಲ್ಲಿ ಬರೆದ ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಹೋಗಿ, ಕಾರ್ಡು ಇಲ್ಲಿ ನಡೆಯುತ್ತದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ನೌಕರಿಯಿಂದ ನಿವೃತ್ತರಾಗುವವರಿಗೆ ಇನ್ನೊಂದು ದಾರಿ ಇದೆ. ಕೇಂದ್ರ ಸರ್ಕಾರದಲ್ಲಿದ್ದವರಿಗೆ ಸಿಜಿಎಚ್‌ಎಸ್, ಮಾಜಿ ಸೈನಿಕರಿಗೆ ಇಸಿಎಚ್‌ಎಸ್, ಬ್ಯಾಂಕ್ ನಿವೃತ್ತರಿಗೆ ಬ್ಯಾಂಕುಗಳ ಒಕ್ಕೂಟದ ಗುಂಪು ವಿಮೆ. ಖಾಸಗಿ ಸಂಸ್ಥೆಯಲ್ಲಿದ್ದವರು ಗಮನಿಸಬೇಕಾದದ್ದು ಬೇರೆ. ಕೆಲಸ ಮುಗಿದ ದಿನ ಕಂಪನಿಯ ಗುಂಪು ವಿಮೆಯೂ ಮುಗಿಯುತ್ತದೆ. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ವರ್ಗಾವಣೆ ಮಾಡಿಸಿಕೊಂಡರೆ, ಗುಂಪಿನಲ್ಲಿ ಕಳೆದ ವರ್ಷಗಳೂ ಕಾಯುವ ಅವಧಿಯ, ಅಂದರೆ ಕೆಲವು ಕಾಯಿಲೆಗೆ ಹಣ ಸಿಗುವ ಮೊದಲು ಕಾಯಬೇಕಾದ ಕಾಲದ ಲೆಕ್ಕಕ್ಕೆ ಬರುತ್ತವೆ. ಇದನ್ನು ನಿವೃತ್ತಿಗೆ ಎರಡು ಮೂರು ತಿಂಗಳು ಮೊದಲೇ ಬರೆದು ಕೇಳಬೇಕು. ಬೀಳ್ಕೊಡುಗೆ ಸಮಾರಂಭದ ಗಡಿಬಿಡಿಯಲ್ಲಿ ಮರೆತರೆ ಆ ವರ್ಷಗಳೆಲ್ಲ ಹೊಳೆಗೆ ಹೋದ ಹಾಗೆ.

ಇಷ್ಟೆಲ್ಲ ನೋಡಿದ ಮೇಲೂ ಅನೇಕರಿಗೆ ಖಾಸಗಿ ಅಥವಾ ಸಾರ್ವಜನಿಕ ವಲಯದ ವಿಮಾ ಕಂಪನಿಯ ಪಾಲಿಸಿ ಬೇಕಾಗುತ್ತದೆ. ಎಪಿಎಲ್ ಕುಟುಂಬಕ್ಕೆ ಶೇಕಡಾ 30 ಸಾಲುವುದಿಲ್ಲ, ಪಟ್ಟಿಯ ಹೊರಗಿನ ಕಾಯಿಲೆಗಳೂ ಇವೆ. ಇಲ್ಲಿ ಮೊದಲ ಮಾತು ಕಾಲದ್ದು. ಕೊಳೆ ರೋಗ ಕಾಣಿಸಿಕೊಂಡ ಮೇಲೆ ಔಷಧಿ ಹೊಡೆದರೆ ಉದುರಿದ ಅಡಿಕೆ ಮರಕ್ಕೆ ವಾಪಸು ಹೋಗುವುದಿಲ್ಲ, ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ವಿಮೆಯೂ ಹಾಗೆಯೇ. 65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದಿಲ್ಲ ಎಂಬ ಮಾತು ಹಿಂದೆ ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರ ಆ ಕಟ್ಟನ್ನು 2024ರ ಏಪ್ರಿಲ್‌ನಿಂದ ಸಡಿಲಿಸಿದೆ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ತಡ ಮಾಡಬಾರದು. ವಯಸ್ಸು ಏರಿದಂತೆ ಕಂತೂ ಏರುತ್ತದೆ, ಕಾಯಿಲೆ ಸೇರಿದಂತೆ ಷರತ್ತೂ ಸೇರುತ್ತದೆ.

ಹೊಸ ಪಾಲಿಸಿಗೆ ಮೂರು ಬಗೆಯ ಕಾಯುವ ಅವಧಿ ಇರುತ್ತದೆ. ಅಪಘಾತ ಬಿಟ್ಟು ಉಳಿದ ಯಾವ ಕಾಯಿಲೆಗೂ ಮೊದಲ 30 ದಿನ ಹಣ ಸಿಗುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗೆ ಹೆಚ್ಚೆಂದರೆ ಮೂರು ವರ್ಷ. ಮೊದಲು ಇದು ನಾಲ್ಕು ವರ್ಷದವರೆಗೂ ಇತ್ತು. ಆ 30 ದಿನದ ವಿಷಯ ನಮ್ಮ ಸೀಮೆಯವರಿಗೆ ವಿಶೇಷವಾಗಿ ಮುಖ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2018ರ ಕೊನೆಯಿಂದ 2019ರವರೆಗೆ ಅರಳಗೋಡಿನವರು ಪಟ್ಟ ಪಾಡು ಸಾಗರ ತಾಲ್ಲೂಕು ಮರೆಯುವಂಥದ್ದಲ್ಲ. ಆ ಕಾಯಿಲೆಗೆ ಉಚಿತ ಚಿಕಿತ್ಸೆಯ ಏರ್ಪಾಡನ್ನು ಸರ್ಕಾರ ಮಾಡುತ್ತ ಬಂದಿದೆ, ನಿಜ. ಆದರೂ ಅದನ್ನು ಹರಡುವ ಉಣುಗು ಹೆಚ್ಚುವ ಕಾಲ, ಅಡಿಕೆ ಕೊಯ್ಲಿನಲ್ಲಿ ಮೈ ದಣಿಯುವ ಕಾಲ ಎರಡೂ ಡಿಸೆಂಬರಿನಿಂದ ಶುರು. ಪಾಲಿಸಿ ಮಾಡಿಸುವುದಾದರೆ ದೀಪಾವಳಿಯ ಒಳಗೆ ಮುಗಿಸಿ, ಆಗ ಕೊಯ್ಲಿನ ಹೊತ್ತಿಗೆ ಆ 30 ದಿನ ಕಳೆದಿರುತ್ತದೆ.

ಎರಡನೆಯ ಮಾತು ಸತ್ಯದ್ದು. ಅರ್ಜಿ ತುಂಬುವಾಗ ಮನೆಯ ಜಗಲಿಯಲ್ಲಿ ನಡೆಯುವ ಮಾತು ಎಲ್ಲರಿಗೂ ಪರಿಚಿತ.

“ಮೇಷ್ಟ್ರೇ, ಶುಗರ್ ಇದೆ ಅಂತ ಬರೆಯೋದು ಬೇಡ. ಸುಮ್ಮನೆ ಕಂತು ಜಾಸ್ತಿ ಆಗತ್ತೆ.”

“ಹತ್ತು ವರ್ಷದಿಂದ ಮಾತ್ರೆ ತಗೊಳ್ತಾ ಇದೀನಲ್ಲಪ್ಪ.”

“ಅದನ್ನ ಯಾರು ನೋಡ್ತಾರೆ? ನೀವು ಇಲ್ಲಿ ಸೈನ್ ಹಾಕಿ, ಉಳಿದದ್ದು ನಾನು ತುಂಬ್ಕೋತೀನಿ.”

ದಯವಿಟ್ಟು ಆ ಸಹಿ ಹಾಕಬೇಡಿ. ಖಂಡಿತ ನೋಡುತ್ತಾರೆ. ಆಸ್ಪತ್ರೆಗೆ ಸೇರಿದ ದಿನ ವೈದ್ಯರು “ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?” ಎಂದು ಕೇಳುತ್ತಾರೆ, ಹೆಂಡತಿಯೋ ಮಗನೋ “ಹತ್ತು ವರ್ಷದಿಂದ” ಎನ್ನುತ್ತಾರೆ, ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ, ಆ ಕಾಗದ ವಿಮಾ ಕಂಪನಿಗೆ ಹೋಗುತ್ತದೆ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮು ತಿರಸ್ಕಾರವಾಗುತ್ತದೆ, ಪಾಲಿಸಿಯೇ ರದ್ದಾಗಲೂಬಹುದು. ಇದ್ದದ್ದು ಇದ್ದ ಹಾಗೆ ಬರೆದವರು ಮೂರು ವರ್ಷ ಕಾದರೆ ಅದೇ ಕಾಯಿಲೆಗೂ ಹಣ ಬರುತ್ತದೆ. ಐದು ವರ್ಷ ಬಿಡದೆ ಕಟ್ಟಿದ ಪಾಲಿಸಿಯ ಕ್ಲೇಮನ್ನು, ಮೋಸ ಸಾಬೀತಾದ ಹೊರತು, ಮುಚ್ಚಿಟ್ಟ ಕಾರಣ ಹೇಳಿ ಕಂಪನಿ ತಳ್ಳಿಹಾಕುವಂತಿಲ್ಲ ಎಂಬ ರಕ್ಷಣೆಯೂ ಈಗ ಇದೆ. ಅದು ಪ್ರಾಮಾಣಿಕರಿಗೆ ಸಿಕ್ಕ ಬಲ. ಅದನ್ನು ನೆಚ್ಚಿ ಸುಳ್ಳು ಬರೆಯುವುದು ಬೇಡ.

ಮೂರನೆಯ ಮಾತು ಪಾಲಿಸಿಯ ಒಳಗಿನ ಮಿತಿಗಳದ್ದು. ಇದರಲ್ಲಿ ಜನ ಅತಿ ಹೆಚ್ಚು ಪೆಟ್ಟು ತಿನ್ನುವುದು ಕೊಠಡಿ ಬಾಡಿಗೆಯಲ್ಲಿ. ಒಂದು ಬಿಲ್ಲನ್ನು ಲೆಕ್ಕ ಹಾಕಿ ನೋಡೋಣ, ಸಾಧ್ಯವಾದರೆ ಪೆನ್ನು ಹಿಡಿದುಕೊಳ್ಳಿ. ಪಾಲಿಸಿ 3 ಲಕ್ಷದ್ದು. ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 3,000 ರೂಪಾಯಿ ಎಂದು ಅದರಲ್ಲಿ ಬರೆದಿದೆ. ಊರಿನಿಂದ ನೋಡಲು ಬರುವವರಿದ್ದಾರೆ, ಜೊತೆಗಿರುವವರಿಗೂ ಮಲಗಲು ಜಾಗ ಬೇಕು ಎಂದು 6,000 ರೂಪಾಯಿಯ ಕೊಠಡಿ ಹಿಡಿದರು. ಐದು ದಿನಕ್ಕೆ ಬಾಡಿಗೆ 30,000. ಶಸ್ತ್ರಚಿಕಿತ್ಸೆ, ವೈದ್ಯರು, ಆಪರೇಷನ್ ಥಿಯೇಟರು, ನರ್ಸಿಂಗ್ ಸೇರಿ 1,20,000. ಔಷಧಿ ಮತ್ತು ಒಳಗೆ ಅಳವಡಿಸಿದ ಸಾಮಗ್ರಿ 50,000. ಒಟ್ಟು 2 ಲಕ್ಷ. ಬಾಡಿಗೆಯ ವ್ಯತ್ಯಾಸ 15,000 ಕೈಯಿಂದ ಕೊಟ್ಟರಾಯಿತು ಎಂದು ಮನೆಯವರು ಅಂದುಕೊಂಡಿರುತ್ತಾರೆ.

ಕಂಪನಿಯ ಲೆಕ್ಕ ಬೇರೆ. ದೊಡ್ಡ ಕೊಠಡಿ ಹಿಡಿದರೆ ವೈದ್ಯರ ಶುಲ್ಕ, ಥಿಯೇಟರಿನ ಶುಲ್ಕವೂ ಅದಕ್ಕೆ ತಕ್ಕಂತೆ ಏರುತ್ತವೆ, ಆದ್ದರಿಂದ ಅವನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತೇವೆ ಎನ್ನುತ್ತದೆ. ನಮ್ಮ ಮಿತಿ ಹಿಡಿದ ಕೊಠಡಿಯ ಅರ್ಧ. ಹಾಗಾಗಿ ಬಾಡಿಗೆಗೆ 15,000, ಆ 1,20,000ಕ್ಕೆ 60,000, ಔಷಧಿ ಮತ್ತು ಸಾಮಗ್ರಿಗೆ ಪೂರ್ತಿ 50,000 ಕೊಡುತ್ತದೆ. ಒಟ್ಟು 1,25,000. ಉಳಿದ 75,000 ನಮ್ಮ ಕೈಯಿಂದ. ಪಾಲಿಸಿಯಲ್ಲಿ ಶೇಕಡಾ 10ರ ಸಹಪಾವತಿ, ಅಂದರೆ ಒಪ್ಪಿದ ಕ್ಲೇಮಿನಲ್ಲೂ ನಾವೇ ಕೊಡಬೇಕಾದ ಪಾಲು, ಎಂದಿದ್ದರೆ ಇನ್ನೂ 12,500 ಸೇರುತ್ತದೆ. 15,000 ಎಂದುಕೊಂಡದ್ದು 87,500 ಆಯಿತು. ಬಿಡುಗಡೆಯ ದಿನ ಎಟಿಎಂ ಹುಡುಕುತ್ತ, ನೆಂಟರಿಗೆ ಫೋನು ಮಾಡುತ್ತ ನಿಲ್ಲುವುದು ಹೀಗೆಯೇ. ಆದ್ದರಿಂದ ಸಾಧ್ಯವಾದರೆ ಬಾಡಿಗೆಯ ಮಿತಿ ಇಲ್ಲದ ಪಾಲಿಸಿ ತೆಗೆದುಕೊಳ್ಳಿ. ಮಿತಿ ಇದ್ದರೆ ದಾಖಲಾಗುವಾಗಲೇ “ನಮ್ಮ ಪಾಲಿಸಿಗೆ ಇಷ್ಟರ ಒಳಗಿನ ಕೊಠಡಿ ಕೊಡಿ” ಎಂದು ಹೇಳಿ.

ಸಹಪಾವತಿಯಲ್ಲೂ ನಮ್ಮ ಊರಿನವರಿಗೆ ಒಂದು ಎಚ್ಚರಿಕೆ ಬೇಕು. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿವೆ. ಸಾಗರದ ವಿಳಾಸಕ್ಕೆ ಕಂತು ಕಡಿಮೆ, ಬೆಂಗಳೂರಿನ ವಿಳಾಸಕ್ಕೆ ಹೆಚ್ಚು. ಊರಿನ ವಿಳಾಸ ಕೊಟ್ಟು ಕಡಿಮೆ ಕಂತು ಕಟ್ಟಿದವರು ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ತಾವೇ ಕೊಡಬೇಕಾಗಬಹುದು. ಮಳೆಗಾಲ ಪೂರ್ತಿ ಮಗಳ ಮನೆಯಲ್ಲಿ ಕಳೆಯುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಬರೆದಿಟ್ಟ ಮೂರು ಆಸ್ಪತ್ರೆಗಳ ಹಾಳೆ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ಯಾವುದನ್ನು ಆರಿಸಬೇಕೆಂದು ತೋಚದವರಿಗೆ ಹೋಲಿಸಿ ನೋಡಲು ಒಂದು ಅಳತೆಗೋಲು ಇದೆ. ಅದರ ಹೆಸರು ಆರೋಗ್ಯ ಸಂಜೀವನಿ. 2020ರ ಏಪ್ರಿಲ್‌ನಿಂದ ವಿಮಾ ಕಂಪನಿಗಳೆಲ್ಲ ಒಂದೇ ಬಗೆಯ ಷರತ್ತಿನಲ್ಲಿ ಕೊಡಬೇಕೆಂದು ಪ್ರಾಧಿಕಾರವೇ ರೂಪಿಸಿದ ಪಾಲಿಸಿ ಇದು. ಸಹಪಾವತಿ ಶೇಕಡಾ 5, ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇಕಡಾ 2 ಅಥವಾ ದಿನಕ್ಕೆ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ 40,000 ಅಥವಾ ವಿಮಾ ಮೊತ್ತದ ಕಾಲು ಭಾಗ, ಇದರಲ್ಲೂ ಕಡಿಮೆಯದು. ಬೇರೆ ಪಾಲಿಸಿ ತೋರಿಸಿದವರಿಗೆ “ಇದು ಆರೋಗ್ಯ ಸಂಜೀವನಿಗಿಂತ ಯಾವುದರಲ್ಲಿ ಮೇಲು?” ಎಂದು ಕೇಳಿ. ಪ್ರತಿ ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಎಂಬ ಸಣ್ಣ ಕಾಗದ ಕೊಡಬೇಕೆಂಬ ನಿಯಮವೂ ಇದೆ. ಕೇಳಿದವರಿಗೆ ಅದನ್ನು ಅವರ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಕೊಡಿ ಎಂದು ಧೈರ್ಯವಾಗಿ ಕೇಳಿ, ಮನೆಯಲ್ಲಿ ಗಟ್ಟಿಯಾಗಿ ಓದಿಸಿ. ಒಪ್ಪಿಗೆಯಾಗದಿದ್ದರೆ ಪಾಲಿಸಿ ಕೈ ಸೇರಿದ 30 ದಿನದೊಳಗೆ ವಾಪಸು ಕೊಡಬಹುದು.

ದೊಡ್ಡ ಮೊತ್ತದ ಪಾಲಿಸಿಯ ಕಂತು ಭಾರ ಎನಿಸುವವರಿಗೆ ಸೂಪರ್ ಟಾಪ್ ಅಪ್ ಒಂದು ಒಳ್ಳೆಯ ಉಪಾಯ. 3 ಲಕ್ಷದ ಮೂಲ ಪಾಲಿಸಿ ಇಟ್ಟುಕೊಂಡು, ವರ್ಷದ ಖರ್ಚು 3 ಲಕ್ಷ ದಾಟಿದ ಮೇಲೆ ಕೈಹಿಡಿಯುವ 10 ಲಕ್ಷದ ಸೂಪರ್ ಟಾಪ್ ಅಪ್ ತೆಗೆದುಕೊಂಡರೆ ಕಂತು ಸಾಕಷ್ಟು ಕಡಿಮೆಯಾಗುತ್ತದೆ. ಸೂಪರ್ ಎಂಬ ಪದ ಇದೆಯೇ ನೋಡಿಕೊಳ್ಳಿ. ಬರೀ ಟಾಪ್ ಅಪ್ ಆದರೆ ಒಂದೊಂದು ಸಲದ ಬಿಲ್ಲೂ 3 ಲಕ್ಷ ದಾಟಬೇಕು. ಸೂಪರ್ ಆದರೆ ವರ್ಷದ ಬಿಲ್ಲುಗಳನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ವಯಸ್ಸಾದವರು ವರ್ಷಕ್ಕೆ ಎರಡು ಮೂರು ಸಲ ಆಸ್ಪತ್ರೆ ಸೇರಬೇಕಾಗಿ ಬರುವುದರಿಂದ ಎರಡನೆಯದೇ ಸರಿ.

ಕಂತಿನ ವಿಷಯದಲ್ಲಿ ಎರಡು ಒಳ್ಳೆಯ ಸುದ್ದಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಪೂರ್ತಿ ಹೋಗಿದೆ. ಅರವತ್ತು ದಾಟಿದವರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು ಎಂಬ ಆದೇಶ 2025ರ ಜನವರಿಯಲ್ಲಿ ಬಂದಿದೆ. ಆದರೂ ಕಂತು ಏರುತ್ತಲೇ ಹೋಗುತ್ತದೆ ಎಂದು ತಿಳಿದೇ ಆರಿಸಿ. ಈ ವರ್ಷ ಕಟ್ಟಬಹುದಾದ ಪಾಲಿಸಿಗಿಂತ, ಎಂಬತ್ತನೆಯ ವಯಸ್ಸಿನಲ್ಲೂ ಕಟ್ಟಿಕೊಂಡು ಹೋಗಬಹುದಾದ ಪಾಲಿಸಿ ಮುಖ್ಯ. ತೋಟದವರಿಗೆ ಹಣ ಬರುವುದು ಅಡಿಕೆ ಮಾರಿದಾಗ. ನವೀಕರಣದ ತಾರೀಖು ಆ ಕಾಲಕ್ಕೆ ಹೊಂದುವಂತೆ ಪಾಲಿಸಿ ಶುರು ಮಾಡಿ. ಕಂತು ತಪ್ಪಿದರೆ ವಾರ್ಷಿಕ ಪಾಲಿಸಿಗೆ 30 ದಿನದ ಕಾಲಾವಕಾಶ ಇರುತ್ತದೆ. ಅದೂ ದಾಟಿದರೆ ಇಷ್ಟು ವರ್ಷ ಕಾದದ್ದೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ ಶುರು. ಕಂಪನಿ ಬದಲಿಸಬೇಕೆಂದಿದ್ದರೂ ಪಾಲಿಸಿ ಬಿಡಬೇಡಿ. ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಪೋರ್ಟಿಂಗ್‌ಗೆ ಅರ್ಜಿ ಹಾಕಿದರೆ, ಕಳೆದ ವರ್ಷಗಳೊಂದಿಗೆ ಹೊಸ ಕಂಪನಿಗೆ ಹೋಗಬಹುದು.

ವಿಮೆಯಿಂದ ಆಗದ ಕೆಲಸವನ್ನೂ ಹೇಳಬೇಕು. ತಿಂಗಳು ತಿಂಗಳು ತೆಗೆದುಕೊಳ್ಳುವ ಸಕ್ಕರೆ, ಬಿಪಿ ಮಾತ್ರೆಗೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ. ಅದಕ್ಕೆ ಜನೌಷಧಿ ಕೇಂದ್ರವೇ ದಾರಿ. ಆಯುರ್ವೇದ ಆಸ್ಪತ್ರೆಗೆ ಸೇರಿ ಪಡೆದ ಚಿಕಿತ್ಸೆಗೆ ವಿಮೆ ಇದೆ, ನಾಟಿ ಔಷಧಿಗೆ ಇಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಇರುವ ಮಣಿಪಾಲ್ ಆರೋಗ್ಯ ಕಾರ್ಡು ಉಪಯುಕ್ತವಾದದ್ದೇ, ಆದರೆ ಅದು ರಿಯಾಯಿತಿ ಕಾರ್ಡು. ಅದರಿಂದ ಬಿಲ್ಲು ಕಡಿಮೆಯಾಗುತ್ತದೆ, ಉಳಿದ ಬಿಲ್ಲು ನಮ್ಮದೇ. ಕಾರಿನ ಬಾಡಿಗೆ, ಜೊತೆಗಿರುವವರ ಊಟ ವಸತಿ, ಮನೆಯಲ್ಲಿ ದನಕರು ನೋಡಿಕೊಳ್ಳುವವರ ಕೂಲಿ ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ. ಇವಕ್ಕಾಗಿ ಬ್ಯಾಂಕಿನಲ್ಲಿ ಬೇರೆಯೇ ಒಂದು ಮೊತ್ತ ಇಡಿ, ಅದನ್ನು ಮನೆ ರಿಪೇರಿಗೋ ಮದುವೆಗೋ ತೆಗೆಯಬೇಡಿ.

ಕ್ಲೇಮಿನ ಹೊತ್ತಿನಲ್ಲಿ ನಮ್ಮ ಹಕ್ಕೂ ಗೊತ್ತಿರಬೇಕು. ಆಸ್ಪತ್ರೆ ಕಳಿಸಿದ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರವನ್ನು, ಬಿಡುಗಡೆಯ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ಕ್ಲೇಮು ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಸಮಾಧಾನದ ಉತ್ತರ ಬಾರದಿದ್ದರೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರು ಬೇಡ. 155255 ಎಂಬ ಸಂಖ್ಯೆಗೆ ಫೋನು ಮಾಡಿಯೂ ದೂರು ದಾಖಲಿಸಬಹುದು.

ಕೊನೆಯದಾಗಿ, ನಮ್ಮ ಮನೆಗಳ ಹೆಣ್ಣುಮಕ್ಕಳ ಪರವಾಗಿ ಒಂದು ಮಾತು. ಪಾಲಿಸಿ ಗಂಡನ ಹೆಸರಿನಲ್ಲಿ, ಕಾಗದ ಗಂಡನ ಬೀರುವಿನಲ್ಲಿ, ಕಂತಿನ ಸಂದೇಶ ಗಂಡನ ಫೋನಿಗೆ. ಅವರು ತೀರಿಕೊಂಡ ವರ್ಷವೇ ಕಂತು ತಪ್ಪಿ, ಹೆಂಡತಿಗೆ ಅಗತ್ಯ ಬೀಳುವ ಹೊತ್ತಿಗೆ ಪಾಲಿಸಿಯೇ ಇಲ್ಲದಂತಾದ ಮನೆಗಳಿವೆ. ಎಪ್ಪತ್ತರ ಹೊತ್ತಿಗೆ ಆಕೆ ಮತ್ತೆ ಹೊಸದಾಗಿ ಕಾಯುವ ಅವಧಿ ಶುರು ಮಾಡಬೇಕು. ಇದು ಅನ್ಯಾಯ, ಅದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ. ಪಾಲಿಸಿ ಸಂಖ್ಯೆ, ನವೀಕರಣದ ತಾರೀಖು, ಮೂರು ಆಸ್ಪತ್ರೆಗಳ ಹೆಸರು, ಆಂಬುಲೆನ್ಸಿನ 108, ರಾತ್ರಿ ಕರೆದರೆ ಬರುವ ಪಕ್ಕದ ಮನೆಯವರ ನಂಬರು, ಇಷ್ಟನ್ನೂ ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವಲ್ಲಿ ಅಂಟಿಸಿ. ಕಂತಿನ ಸಂದೇಶ ಹೆಂಡತಿಯ ಫೋನಿಗೂ, ಬೆಂಗಳೂರಿನ ಮಗ ಮಗಳ ಫೋನಿಗೂ ಹೋಗುವಂತೆ ಮಾಡಿ.

ಮುಂದಿನ ಹಬ್ಬಕ್ಕೆ ಮಕ್ಕಳು ಊರಿಗೆ ಬರುತ್ತಾರೆ. ಊಟ ಮುಗಿದ ಮೇಲೆ ಒಂದು ಗಂಟೆ ಕೂತು ಈ ಲೆಕ್ಕ ಮಾಡಿ. ರೇಷನ್ ಕಾರ್ಡು ಯಾವುದು, ಯಶಸ್ವಿನಿ ನವೀಕರಣವಾಗಿದೆಯೇ, ಇರುವ ಪಾಲಿಸಿಯಲ್ಲಿ ಕೊಠಡಿಯ ಮಿತಿ ಎಷ್ಟು, ಸಹಪಾವತಿ ಎಷ್ಟು ಎಂದು ನೋಡಿ. ಕಾಯಿಲೆಯ ಮಾತು ಹಬ್ಬದ ದಿನ ಬೇಡ ಎಂದು ಹಿರಿಯರು ಅನ್ನಬಹುದು. ಅವರನ್ನು ಒಪ್ಪಿಸಿ. ಜೀವನವಿಡೀ ದುಡಿದವರು ಆಸ್ಪತ್ರೆಯ ಕೌಂಟರಿನ ಮುಂದೆ ಸಾಲಕ್ಕೆ ಕೈಚಾಚದ ಹಾಗೆ ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ, ಅದಕ್ಕೆ ಬೇಕಾದದ್ದನ್ನು ಮುಚ್ಚಿಡದೆ ಮಕ್ಕಳಿಗೆ ಹೇಳುವುದು ಹಿರಿಯರ ಕರ್ತವ್ಯ.